ಒಳಮಡಿಕೆ

ಕತ್ತರಿ ನನಗೂ ಗೊತ್ತು.
ಮೂವತ್ತೊಂದು ವರ್ಷ ಹಿಡಿದಿದ್ದೇನೆ,
ಪರಾನಾ ನದಿ ದಂಡೆಯ ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯಲ್ಲಿ,
ಬಿಸಿನೀರ ಕೊಳವೆ ಗೊರಗೊರ ಎನ್ನುವ
ಹೊಲಿಗೆ ಕೋಣೆಯಲ್ಲಿ.
ಹೆಬ್ಬೆರಳ ಬುಡದಲ್ಲಿ ಗಂಟು ಕಟ್ಟಿದೆ, ಮುಟ್ಟಿ ನೋಡಿ.

ಮೊದಲು ಅಳತೆ. ಆಮೇಲೆ ಸೀಮೆಸುಣ್ಣ.
ಆಮೇಲೆ ಇನ್ನೊಮ್ಮೆ ಅಳತೆ.
ಗೆರೆಯಾಚೆ ಒಂದು ಬೆರಳು ಬಿಟ್ಟೇ ಕತ್ತರಿಸಬೇಕು,
ಒಳಗೆ ಮಡಿಚಿ ಹೊಲಿಯಲು,
ನಾಳೆ ಬಿಚ್ಚಿ ಅಗಲ ಮಾಡಲು.
ಮಗು ಅಂದಮೇಲೆ ಬೆಳೆಯುತ್ತದೆ ಎಂದು
ಯಾವ ದರ್ಜಿಗೂ ಯಾರೂ ಹೇಳಿಕೊಡಬೇಕಿಲ್ಲ.

ರಾಜಧಾನಿಯಿಂದ ಬಂದ ಕತ್ತರಿ
ಬೇರೆ ಜಾತಿಯದು.
ಅದು ಮೊದಲು ಬಿದ್ದದ್ದು ಜೇಬಿಗೆ.
‘ರೋಗಿಯ ಅಂಗಿಗೆ ಜೇಬು: ಅನಗತ್ಯ’
ಅಂತ ಹಾಳೆಯಲ್ಲಿ. ಕೆಳಗೆ ಮೊಹರು.

ಜೇಬಿನಲ್ಲಿ ಏನಿರುತ್ತದೆ ಅಂತ ನನ್ನನ್ನು ಕೇಳಬೇಕಿತ್ತು.
ಒಗೆಯಲು ಹಾಕುವ ಮೊದಲು ಖಾಲಿ ಮಾಡುತ್ತಿದ್ದವಳು ನಾನು:
ಕಚ್ಚಿ ಉಳಿಸಿದ ಬಿಸ್ಕತ್ತು,
ಕಾಲು ಮುರಿದ ಪ್ಲಾಸ್ಟಿಕ್ ಕುದುರೆ,
ನುಂಗಿದೆ ಎಂದು ಸುಳ್ಳು ಹೇಳಿದ ಮಾತ್ರೆ,
ಒಮ್ಮೆ ಜೀವಂತ ಬಸವನಹುಳು,
ಮತ್ತೆ ಹಲ್ಲು, ಎಷ್ಟೊಂದು ಹಾಲುಹಲ್ಲು!
ನಮ್ಮಲ್ಲಿ ರಾತ್ರಿ ಇಲಿ ಬಂದು ಹಲ್ಲೊಯ್ದು ಕಾಸಿಟ್ಟು ಹೋಗುತ್ತದೆ.
ಆಸ್ಪತ್ರೆಯ ಇಲಿಗೆ ದಾರಿ ಗೊತ್ತೋ ಇಲ್ಲವೋ ಎಂಬ ಚಿಂತೆ ಅವಕ್ಕೆ.

ಆಮೇಲೆ ರಾತ್ರಿಯ ಲ್ಯಾಬಿಗೆ ಬಿತ್ತು.
ಈಗ ರಕ್ತದ ಶೀಶೆ ಟ್ಯಾಕ್ಸಿಯಲ್ಲಿ ಊರು ದಾಟುತ್ತದೆ,
ಮುಂದಿನ ಸೀಟಿನಲ್ಲಿ, ಚಾಲಕನ ಯೆರ್ಬಾ ಸೊಪ್ಪಿನ ಡಬ್ಬಿಯ ಪಕ್ಕ.
ಎದೆ ತಟ್ಟಿ ಕಫ ಸಡಿಲಿಸುತ್ತಿದ್ದ ಅರಾಸೆಲಿಗೆ
ಶನಿವಾರ, ಭಾನುವಾರ ಬರಬೇಡ ಅಂದರು.
ಕಫಕ್ಕೆ ವಾರ ಗೊತ್ತೆ?
ಆಮೇಲೆ ನನ್ನ ಕೋಣೆ.

ಈಗ ಬರುವುದು ಕಾಗದದಂಥ ಅಂಗಿ, ಒಂದೇ ಅಳತೆ,
ದೊಡ್ಡವರದು. ಐದು ವರ್ಷದವನಿಗೆ ತೊಡಿಸಿದರೆ
ನೆಲ ಗುಡಿಸುತ್ತದೆ. ತೋಳು ಮಡಿಚಿ, ಮಡಿಚಿ
ಸೂಜಿ ಚುಚ್ಚುವ ಜಾಗ ಸಿಗುವಷ್ಟರಲ್ಲಿ
ಹೆದರಿಕೆ ಮೊದಲೇ ಬಂದು ಕೂತಿರುತ್ತದೆ.

ಜುಲೈ. ನಮಗೆ ಚಳಿಗಾಲ.
ವಾರ್ಡಿನ ತುಂಬ ಪುಟ್ಟ ಎದೆಗಳ ಸಿಳ್ಳು.
ಹದಿನಾಲ್ಕು ಹಾಸಿಗೆಗೆ ಮಿರ್ತಾ ಒಬ್ಬಳೇ.
ಪಾಳಿ ಮುಗಿಸಿ ನನ್ನ ಮನೆಗೆ ಬಂದಳು,
ತರಕಾರಿ ಚೀಲದಲ್ಲಿ ಐದು ಅಂಗಿ ತುರುಕಿಕೊಂಡು.
‘ನೆಲಿದಾ, ಮೂರನೇ ಹಾಸಿಗೆಯ ಸಿರೊ
ಹಲ್ಲನ್ನು ಮುಷ್ಟಿಯಲ್ಲೇ ಹಿಡಿದು ಮಲಗಿದ್ದಾನೆ.
ಮುಷ್ಟಿ ಬಿಚ್ಚದೆ ನರ ಸಿಗುತ್ತಿಲ್ಲ.’

ಆ ಬಟ್ಟೆ ಸೂಜಿಗೆ ನಿಲ್ಲುವುದಿಲ್ಲ, ಹರಿಯುತ್ತದೆ.
ಹಳೆಯ ದಿಂಬಿನ ಚೀಲ ಕತ್ತರಿಸಿ, ಹಿಂದೆ ಅಸ್ತರಿ ಕೊಟ್ಟು
ಅಡುಗೆಮನೆಯ ದೀಪದಲ್ಲಿ ಐದು ಜೇಬು ಹೊಲಿದೆ.

ಜೇಬು ಉಸಿರು ಕೊಡುವುದಿಲ್ಲ. ಗೊತ್ತು.
ಹೊಗಳಲು ಬಂದ ರೇಡಿಯೋದ ಹುಡುಗನಿಗೂ ಅದನ್ನೇ ಹೇಳಿದೆ:
ನನಗೆ ಚಪ್ಪಾಳೆ ಬೇಡಪ್ಪ,
ಮಿರ್ತಾಳ ಜೊತೆಗೆ ಇನ್ನೊಬ್ಬಳು ಬೇಕು.
ಅದೊಂದು ಮಾತು ಬಿಟ್ಟು
ಉಳಿದದ್ದೆಲ್ಲ ಪ್ರಸಾರವಾಯಿತು.
ಅವನ ಕೈಯಲ್ಲೂ ಒಂದು ಕತ್ತರಿ.

ಗುರುವಾರ ಸಿರೊನನ್ನು ದೊಡ್ಡ ಊರಿಗೆ ಕಳಿಸಿದರು.
ನೂರ ಅರವತ್ತು ಕಿಲೋಮೀಟರ್. ಉಸಿರಿನ ಯಂತ್ರ ಅಲ್ಲಿದೆಯಂತೆ,
ನಡೆಸುವವರೂ ಇದ್ದಾರಂತೆ.
ಅಂಗಿ ಅವನ ಮೈಮೇಲೇ ಹೋಯಿತೋ
ಇಲ್ಲೇ ಕಸದ ಬುಟ್ಟಿಗೆ ಹೋಯಿತೋ
ಮಿರ್ತಾ ನೋಡಲಿಲ್ಲ.
ಉಳಿದ ಹದಿಮೂರು ಹಾಸಿಗೆ ಕರೆಯುತ್ತಿದ್ದವು.

ಆ ಜೇಬಿಗೂ ನಾನು
ಗೆರೆಯಾಚೆ ಒಂದು ಬೆರಳು ಬಿಟ್ಟಿದ್ದೆ.
ಅಭ್ಯಾಸ.